ಮಲಾವಿಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಫೋನಲ್ಲಿ ಹೇಳಲು ಹೋದರೆ "ಆಯ್ತಮ್ಮ, ಆಯ್ತಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆಫ್ರಿಕಾದ ಮಲಾವಿಗೆ ಆರೋಗ್ಯದ ಕೆಲಸಕ್ಕೆ ಹೋಗುತ್ತೇನೆ ಅಂದ ಕೂಡಲೇ ನಿನ್ನಪ್ಪ ಮ್ಯಾಪ್ ತೆಗೆದು ಕೂತರು. ನಾನು ಹುಡುಕಿದ್ದು ಬೇರೆ, ಅಲ್ಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವವರು ಯಾರು ಅಂತ. ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್ ಅನ್ನುತ್ತಾರಂತೆ, ಎಚ್‌ಎಸ್‌ಎ. ಸಾವಿರ ಜನಕ್ಕೆ ಒಬ್ಬರು ಇರಬೇಕು ಅನ್ನುವುದು ಅಲ್ಲಿನ ಲೆಕ್ಕ. ನಮ್ಮ ಆಶಾದವರ ಲೆಕ್ಕವೂ ಅದೇ ಅಲ್ವಾ? ಆದರೆ ಅವರಿಗೆ ಸರ್ಕಾರದ ಸಂಬಳ ಇದೆ, ನಮ್ಮವರು ಇನ್ನೂ ಗೌರವಧನಕ್ಕೆ ಧರಣಿ ಕೂರುತ್ತಾರೆ. ಅದು ಬೇರೆ ಜಗಳ, ಬಿಡು. ಐದು ವರ್ಷದೊಳಗಿನ ಮಕ್ಕಳ ಮಲೇರಿಯಾ, ನ್ಯುಮೋನಿಯಾ, ಭೇದಿಗೆ ದೂರದ ಊರುಗಳಲ್ಲಿ ಔಷಧಿ ಕೊಡುವವರು ಅವರೇ. ಮೊದಲ ಒಂದು ತಿಂಗಳು ಅವರ ಸೈಕಲ್ ಹಿಂದೆ ಹೋಗು, ಸುಮ್ನೆ ನೋಡು.

ಯಾಕೆ ಹೇಳುತ್ತೇನೆ ಅಂದರೆ, ನಾನು ಎಎನ್‌ಎಂ, ಅಂದರೆ ಹಳ್ಳಿ ನರ್ಸಮ್ಮ ಆಗಿ ಸೇರಿದ ಹೊಸತರಲ್ಲಿ ನಮ್ಮ ಸಬ್‌ಸೆಂಟರಿಗೂ ಹೀಗೇ ಹೊರದೇಶದ ಹುಡುಗ ಹುಡುಗಿಯರು ಬಂದಿದ್ದರು. ಮೂರು ವಾರ ಇದ್ದರು. ಒಳ್ಳೆಯ ಮಕ್ಕಳೇ. ಊರಿನ ಎಲ್ಲರ ಬಿಪಿ ನೋಡಿದರು, ಜಾಸ್ತಿ ಇದ್ದವರಿಗೆ ಜೊತೆಗೆ ಬಂದಿದ್ದ ಡಾಕ್ಟರು ಒಂದು ತಿಂಗಳ ಮಾತ್ರೆ ಕೊಟ್ಟರು, ಫೋಟೋ ತೆಗೆಸಿಕೊಂಡು ಹೋದರು. ಮುಂದಿನ ತಿಂಗಳು ಅಜ್ಜಿಯರು ಖಾಲಿ ಸ್ಟ್ರಿಪ್ ಹಿಡಿದು ನನ್ನ ಬಾಗಿಲಲ್ಲಿ ಸಾಲಾಗಿ ನಿಂತರು. ನನ್ನ ಬಳಿ ಆ ಮಾತ್ರೆ ಎಲ್ಲಿತ್ತು? ಪ್ರಾಥಮಿಕ ಆರೋಗ್ಯ ಕೇಂದ್ರ 14 ಕಿಲೋಮೀಟರ್, ದಿನಕ್ಕೆ ಒಂದೇ ಬಸ್ಸು. ಒಬ್ಬ ಅಜ್ಜಿ ಮಾತ್ರೆ ಬಿಟ್ಟೇಬಿಟ್ಟರು, ಮಳೆಗಾಲದ ಹೊತ್ತಿಗೆ ಲಕ್ವ ಹೊಡೆಯಿತು. ಮಾತ್ರೆ ನಿಂತಿದ್ದಕ್ಕೇ ಆಯಿತು ಅಂತ ನಾನು ಹೇಳಲಾರೆ. ಆದರೆ ಅವರ ಮಗಳು ಬೈದದ್ದು ನನ್ನನ್ನು, ಹೋದವರನ್ನಲ್ಲ.

ಅದಕ್ಕೇ, ನೀನು ಅಲ್ಲಿ ಏನೇ ಶುರು ಮಾಡುವ ಮೊದಲು ಆ ಎಚ್‌ಎಸ್‌ಎಗಳನ್ನು ಕೇಳು: ನಾನು ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ಸಾಮಾನು ಎಲ್ಲಿಂದ ಬರುತ್ತದೆ? ಉತ್ತರ ಇಲ್ಲದಿದ್ದರೆ ಶುರು ಮಾಡಬೇಡ. ರಿಜಿಸ್ಟರ್ ತುಂಬಿಸಿಕೊಡು, ಔಷಧಿ ಸ್ಟಾಕ್ ಎಣಿಸಿಕೊಡು. ಬೇಜಾರಿನ ಕೆಲಸ, ಗೊತ್ತು. ನನಗೆ ಯಾರಾದರೂ ಬಂದು ಅದನ್ನು ಮಾಡಿಕೊಟ್ಟಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಇನ್ನೊಂದು. ನೀನು ಓದಿದ್ದು ಪಬ್ಲಿಕ್ ಹೆಲ್ತ್, ನರ್ಸಿಂಗ್ ಅಲ್ಲ. "ಪರವಾಗಿಲ್ಲ, ನೀವೇ ಇಂಜೆಕ್ಷನ್ ಕೊಡಿ" ಅಂತ ಯಾರಾದರೂ ಪ್ರೀತಿಯಿಂದಲೇ ಅಂದರೂ ಸೂಜಿ ಮುಟ್ಟಬೇಡ. ಇಲ್ಲಿ ಮಾಡಬಾರದ್ದನ್ನು ಅಲ್ಲಿಯೂ ಮಾಡಬಾರದು. ಉಸಿರು ಎಣಿಸುವುದನ್ನು ಬೇಕಾದರೆ ಕಲಿ. ಮಗು ಅಳುವಾಗ ಬೇಡ, ತಾಯಿಯ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಎತ್ತಿ ನೋಡಬೇಕು, ಪೂರ್ತಿ ಒಂದು ನಿಮಿಷ. ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50 ಅಥವಾ ಜಾಸ್ತಿ, ವರ್ಷ ದಾಟಿದ ಮೇಲೆ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಬಂದರೆ ಉಸಿರು ಜೋರಾಗಿದೆ, ನ್ಯುಮೋನಿಯಾ ಇರಬಹುದು ಅಂತ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ಸೋಮಾರಿತನ ನಿನ್ನಮ್ಮನೂ ಮಾಡಿ ಬೈಸಿಕೊಂಡಿದ್ದಾಳೆ.

ಸೊಳ್ಳೆಪರದೆ ಇಲ್ಲದೆ ಮಲಗಬೇಡ. ಮಲೇರಿಯಾ ಬಾರದಂತೆ ತಡೆಯುವ ಮಾತ್ರೆ ವಾಪಸ್ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಬೇಕು. ಜ್ವರ ಬಂದರೆ ಅದೇ ದಿನ ಟೆಸ್ಟ್, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಚಿಚೇವಾ ಭಾಷೆ ಸ್ವಲ್ಪ ಕಲಿತು ಹೋಗು. ಮುಲಿ ಬ್ವಾಂಜಿ ಅಂದರೆ ಹೇಗಿದ್ದೀರಿ ಅಂತ. ನಮ್ಮೂರಲ್ಲಿ "ಊಟ ಆಯ್ತಾ?" ಅಂತ ಕೇಳದೆ ನಾನು ಬ್ಯಾಗು ತೆರೆದದ್ದೇ ಇಲ್ಲ. ಊಟಕ್ಕೆ ಎನ್ಸಿಮಾ ಅಂತೆ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಥರ. ನೀನು ರಾಗಿ ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದವಳು! ಅಲ್ಲಿ ಬಡಿಸಿದರೆ ಬೇಡ ಅನ್ನಬೇಡ.

ಭೇದಿಯಾದಾಗ ಕೊಡುವ ಓಆರ್‌ಎಸ್ ನೀರು ಬಾಯಿಗಿಟ್ಟರೆ ಉಗುಳುವ ಮಗುವಿಗೆ ಆ ಎಚ್‌ಎಸ್‌ಎಗಳು ಹೇಗೆ ಕುಡಿಸುತ್ತಾರೆ ಅಂತ ಕೇಳಿ ನನಗೆ ಬರಿ. ನಾನು 30 ವರ್ಷ ಚಮಚದಲ್ಲೇ ಒದ್ದಾಡಿದೆ. ಬೇರೆ ಉಪಾಯ ಇದ್ದರೆ ಇಲ್ಲಿನ ಆಶಾದವರಿಗೂ ಹೇಳುತ್ತೇನೆ.

ನಿನ್ನ ಅಮ್ಮ