ಹವಳಕ್ಕೆ ಚೀಟಿ ಕಟ್ಟಿಕೊಟ್ಟ ಅಣ್ಣಾರಿಗೆ ಶರಣು

ಕಲಬುರಗಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಕಲ್ಲುಹವಳಗಳ ಹೆಸರು ಬರೆದ ಹಳೆಯ ಚೀಟಿಗಳೆಲ್ಲ ಉದುರಿಹೋಗಿದ್ದವು. ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ಬೇರೆ ಕೆಲಸಕ್ಕೆಂದು ಬಂದಿದ್ದ ಇನ್ನೊಂದು ಕಾಲೇಜಿನ ಲ್ಯಾಬ್ ಸಹಾಯಕರೊಬ್ಬರು ಟ್ರೇ ನೋಡಿ, ಚೀಲ ಕೆಳಗಿಟ್ಟು ಕೂತೇಬಿಟ್ಟರು.

ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆದರು. "ಆಸಿಡ್ ಮುಟ್ಟಿಸಬ್ಯಾಡ್ರಿ, ಸುಣ್ಣ ಕರಗಿ ಗುರುತೇ ಹೋಗ್ತದ" ಅಂದರು. ಟಾರ್ಚನ್ನು ಓರೆಯಾಗಿ ಹಿಡಿದರು. ನೆರಳು ಬಿದ್ದೊಡನೆ 10 ಪಟ್ಟು ಹಿಗ್ಗಿಸುವ ಲೆನ್ಸಿನಲ್ಲಿ ಹವಳಜೀವಿಗಳು ಕೂತಿದ್ದ ಗುಳಿಗಳೊಳಗಿನ ಸೆಪ್ಟಾಗಳು, ಅಂದರೆ ನಡುವಿನತ್ತ ಚಾಚಿದ ತೆಳು ಪಟ್ಟಿಗಳು, ಎದ್ದು ಕಂಡವು. ಕೊಂಬೆಯ ತುದಿಯಲ್ಲೇ ಒಂದು ದೊಡ್ಡ ಗುಳಿ ಇದ್ದರೆ ಆಕ್ರೊಪೊರಾ. ಮೈತುಂಬ ಗಂಟು, ಗಂಟಿನ ಮೇಲೂ ಗುಳಿಗಳಿದ್ದರೆ ಪೊಸಿಲ್ಲೊಪೊರಾ. ಗೊಂದಲವಿದ್ದದ್ದು ಉಂಡೆ ಹವಳಗಳಲ್ಲಿ: ಪಕ್ಕಪಕ್ಕದ ಗುಳಿಗಳಿಗೆ ಒಂದೇ ಗೋಡೆಯಾದರೆ ಫೇವೈಟಿಸ್, ಪ್ರತಿ ಗುಳಿಗೂ ತನ್ನದೇ ಗೋಡೆ, ನಡುವೆ ಸಂದು ಇದ್ದರೆ ಡಿಪ್ಸಾಸ್ಟ್ರಿಯಾ, ನಮ್ಮ ಹಳೆಯ ಪುಸ್ತಕಗಳ ಫೇವಿಯಾ.

ಕುಲದ (ಜೀನಸ್) ಹೆಸರಿಗೇ ನಿಲ್ಲಿಸಿದರು, ಪ್ರಭೇದದ (ಸ್ಪೀಷೀಸ್) ಹೆಸರು ಬರೆಯಲಿಲ್ಲ. ಬೆಳಕು, ಅಲೆಯ ಹೊಡೆತಕ್ಕೆ ಒಂದೇ ಪ್ರಭೇದದ ಆಕಾರ ಬದಲಾಗುತ್ತದೆ, ಊಹೆ ಬರೆಯಬಾರದು ಎಂದರು. ಆ ಶಿಸ್ತು ನನಗೆ ಬಹಳ ಹಿಡಿಸಿತು. ತೇವಕ್ಕೆ ಶಾಯಿ ಹರಡುತ್ತದೆಂದು ಪೆನ್ಸಿಲ್‌ನಲ್ಲಿ ಬರೆದು, ಅಂಟಿಸದೆ ದಾರದಿಂದ ಕಟ್ಟಿದರು. ಕಡೆಯ ಗಂಟು ಬಿದ್ದಾಗ ನನ್ನ ಎದೆಭಾರ ಇಳಿಯಿತು.

ಚಹಾ ಬರುವಷ್ಟರಲ್ಲಿ ಬಸ್ಸಿಗೆ ಹೊರಟೇಹೋದರು, ಹೆಸರೂ ಕೇಳಲಾಗಲಿಲ್ಲ. ಅಣ್ಣಾರ, ಪರೀಕ್ಷೆ ಚಲೋ ಆಯ್ತ್ರೀ.