ಒಂದೇ ಡಬ್ಬಿಯ ಕಾಡತೂಸು, ಒಂದೊಂದಕ್ಕೂ ಬೇರೆ ಬಿಗಿ

ಇಂದ
ಒಬ್ಬ ರೈಫಲ್ ಶೂಟಿಂಗ್ ತರಬೇತುದಾರ, ಕಲಬುರಗಿ

ಇವರಿಗೆ
ಮುಖ್ಯಸ್ಥರು, ಗುಣಮಟ್ಟ ವಿಭಾಗ, ಕಾಡತೂಸು ತಯಾರಿಕಾ ಕಂಪನಿ

ವಿಷಯ: .22 ಲಾಂಗ್ ರೈಫಲ್ ಮ್ಯಾಚ್ ಕಾಡತೂಸುಗಳಲ್ಲಿ ಕ್ರಿಂಪ್ (ಸೀಸದ ಗುಂಡನ್ನು ಹಿಡಿದಿಡಲು ಹಿತ್ತಾಳೆ ಕೇಸಿನ ಬಾಯಿ ಒತ್ತಿ ಹಾಕುವ ಬಿಗಿ) ಒಂದೇ ಸಮ ಇಲ್ಲದಿರುವ ಬಗ್ಗೆ

ಮಾನ್ಯರೇ,

ನಿಮ್ಮ ಕಾಡತೂಸಿನ ಗುಂಡುಗಳು ಟಾರ್ಗೆಟ್‌ನಲ್ಲಿ ಮೇಲೆ ಕೆಳಗೆ ಬೀಳುತ್ತಿವೆ ಅಂತ ಕೊಟ್ಟ ದೂರಿಗೆ ನಿಮ್ಮ ಕಸ್ಟಮರ್ ಕೇರ್‌ನಿಂದ ಉತ್ತರ ಬಂತು. 'ಕಲಬುರಗಿಯ ಬಿಸಿಲಿಗೆ ಹೀಗಾಗಿರಬಹುದು, ರೈಫಲ್ ಒಮ್ಮೆ ಚೆಕ್ ಮಾಡಿಸಿ' ಅಂತ ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಇದು ಬಿಸಿಲಿನ ತಪ್ಪೂ ಅಲ್ಲ, ರೈಫಲಿನ ತಪ್ಪೂ ಅಲ್ಲ. ನಿಮ್ಮ ಕಾರ್ಖಾನೆಯಲ್ಲಿ ಹಾಕಿದ ಕ್ರಿಂಪಿನ ತಪ್ಪು. ಅದಕ್ಕೇ ಈ ಪತ್ರ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಹುಡುಗ ಹುಡುಗಿಯರು 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಅಭ್ಯಾಸ ಮಾಡುತ್ತಾರೆ. ಈ ಲಾಟ್, ಅಂದರೆ ಒಟ್ಟಿಗೆ ತಯಾರಾಗಿ ಬಂದ ಈ ಕಂತು, ಶುರು ಮಾಡಿದಾಗಿನಿಂದ ಎಲ್ಲರ ಟಾರ್ಗೆಟ್‌ನಲ್ಲೂ ಒಂದೇ ಕಥೆ. ಗುಂಡುಗಳು ಅಕ್ಕಪಕ್ಕಕ್ಕೆ ಅಷ್ಟಾಗಿ ಹೋಗುತ್ತಿಲ್ಲ. ಮೇಲೆ ಕೆಳಗೆ ಉದ್ದಕ್ಕೆ ಬೀಳುತ್ತಿವೆ. ಉಸಿರಾಟದಲ್ಲಿ ತಪ್ಪಿರಬಹುದು ಅಂತ ಮೊದಲು ಅದನ್ನೇ ನೋಡಿದೆ. ಆಮೇಲೆ ರೈಫಲ್ ಅನ್ನು ಬೆಂಚಿನ ಮೇಲೆ ರೆಸ್ಟ್‌ನಲ್ಲಿಟ್ಟು ಹೊಡೆದೆವು. ಆಗಲೂ ಹಾಗೇ. ಬ್ಯಾರಲ್ ಸ್ವಚ್ಛ ಮಾಡಿ, ಬೇರೆ ಕಂಪನಿಯ ರೌಂಡ್ (ಕಾಡತೂಸು) ಹಾಕಿದಾಗ ಗುಂಡುಗಳು ಒಟ್ಟೊಟ್ಟಿಗೆ ಬಿದ್ದವು. ರೈಫಲ್ ಅದೇ, ಹೊಡೆದವರೂ ಅವರೇ, ಬೆಳಗಿನ ಹೊತ್ತೂ ಅದೇ.

ಆಗ ನಿಮ್ಮ ಡಬ್ಬಿಯನ್ನೇ ಮುಂದಿಟ್ಟುಕೊಂಡು ಕೂತೆ. ರೌಂಡ್ ಒಂದನ್ನು ಎರಡು ಬೆರಳಲ್ಲಿ ಹಿಡಿದು ಸೀಸದ ಗುಂಡನ್ನು ತಿರುಗಿಸಿ ನೋಡಿ. ಒಂದರಲ್ಲಿ ಅದು ಸಲೀಸಾಗಿ ತಿರುಗುತ್ತದೆ. ಪಕ್ಕದ್ದರಲ್ಲಿ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಭೂತಗನ್ನಡಿ ಹಿಡಿದರೆ ಕಾರಣ ಕಾಣುತ್ತದೆ. ಹಿತ್ತಾಳೆ ಕೇಸಿನ ಬಾಯಿ ಒಂದು ಕಡೆ ಸೀಸದೊಳಗೆ ಕಚ್ಚಿ ಕೂತಿದೆ, ಇನ್ನೊಂದು ಕಡೆ ಮೇಲೆ ಮೇಲೆ ಮುಟ್ಟಿದೆ ಅಷ್ಟೇ. ಕೆಲವು ಗುಂಡು ಕೇಸಿಗೆ ನೇರವಾಗಿಲ್ಲ, ಕಣ್ಣಿಗೆ ಕಾಣುವಷ್ಟು ವಾಲಿವೆ.

ಸಲೀಸಾಗಿ ತಿರುಗುವ ರೌಂಡ್‌ಗಳನ್ನು ಒಂದು ಕಡೆ, ಬಿಗಿ ಇರುವುದನ್ನು ಇನ್ನೊಂದು ಕಡೆ ಆರಿಸಿ ಬೇರೆ ಬೇರೆ ಟಾರ್ಗೆಟ್‌ಗೆ ಹೊಡೆಸಿದೆ. ಬಿಗಿ ಇದ್ದವು ಮೇಲೆ ಬಿದ್ದವು, ಸಡಿಲ ಇದ್ದವು ಕೆಳಗೆ. ಕ್ರೋನೋಗ್ರಾಫ್ ಇಟ್ಟು ವೇಗ ಅಳೆದರೆ, ಒಂದೇ ಡಬ್ಬಿಯಲ್ಲಿ ಅತಿ ನಿಧಾನದ ರೌಂಡ್‌ಗೂ ಅತಿ ವೇಗದ ರೌಂಡ್‌ಗೂ ಸೆಕೆಂಡಿಗೆ 20 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂತು.

ಇದು ಯಾಕೆ ಹೀಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಬಿಸಿಲಿನ ಉತ್ತರ ಕೊಟ್ಟವರಿಗೆ ಹೇಳಲೇಬೇಕು. ರೈಫಲಿನ ಪಿನ್ ಕೇಸಿನ ಅಂಚಿಗೆ ಬಡಿದು ಮದ್ದು ಹೊತ್ತಿಕೊಂಡಾಗ, ಒತ್ತಡ ಸರಿಯಾಗಿ ಏರುವವರೆಗೆ ಗುಂಡನ್ನು ಹಿಡಿದಿಡುವುದರಲ್ಲಿ ಆ ಕ್ರಿಂಪಿನ ಪಾಲು ದೊಡ್ಡದು. ಸಡಿಲ ಇದ್ದರೆ ಗುಂಡು ಬೇಗ ಜಾರುತ್ತದೆ, ಮದ್ದು ಪೂರ್ತಿ ಜೋರಿನಿಂದ ಉರಿಯುವುದಿಲ್ಲ, ವೇಗ ಕಡಿಮೆಯಾಗುತ್ತದೆ. ಬಿಗಿ ಇದ್ದರೆ ಇದಕ್ಕೆ ಉಲ್ಟಾ. ವಿಪರೀತ ಬಿಗಿದರೆ ಗುಂಡಿನ ಹಿಂಭಾಗವೇ ನಜ್ಜುಗುಜ್ಜಾಗುತ್ತದೆ. ಎಲ್ಲ ರೌಂಡಿಗೂ ಸ್ವಲ್ಪ ಕಡಿಮೆಯೋ ಜಾಸ್ತಿಯೋ ಬಿಗಿ ಇದ್ದರೆ ರೈಫಲಿನ ಗುರಿ ನೋಡುವ ಸೈಟ್ ತಿರುಗಿಸಿ ಸರಿಮಾಡಿಕೊಳ್ಳಬಹುದು. ಒಂದೊಂದಕ್ಕೂ ಬೇರೆ ಬೇರೆ ಇದ್ದರೆ ಯಾವ ಸೈಟೂ ಏನೂ ಮಾಡಲಾರದು. ಶಾಖದಿಂದ ವೇಗ ಸ್ವಲ್ಪ ಬದಲಾಗುತ್ತದೆ, ಸೀಸದ ಮೇಲಿನ ಮೇಣ ಮೆತ್ತಗಾಗುತ್ತದೆ, ನಿಜ. ಆದರೆ ಅದು ಡಬ್ಬಿಯ ಎಲ್ಲ ರೌಂಡಿಗೂ ಒಂದೇ ತರ ಆಗಬೇಕು ಅಲ್ವಾ? ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅದೇ ಕಪಾಟಿನಲ್ಲಿಟ್ಟ ಬೇರೆ ಕಂಪನಿಯ ರೌಂಡ್‌ಗೆ ಏನೂ ಆಗಿಲ್ಲ.

50 ಮೀಟರ್ ಟಾರ್ಗೆಟ್‌ನಲ್ಲಿ 10ರ ಉಂಗುರ ಬರೀ 10.4 ಮಿಲಿಮೀಟರ್ ಅಗಲ. ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೋಗುವ ಗುಂಡು 10 ಮೀಟರ್ ನಿಧಾನವಾದರೆ, ಅಲ್ಲಿ ಹೆಚ್ಚುಕಡಿಮೆ 7 ಮಿಲಿಮೀಟರ್ ಕೆಳಗೆ ಬೀಳುತ್ತದೆ. ದಶಮಾಂಶದ ಲೆಕ್ಕದಲ್ಲಿ ಗರಿಷ್ಠ 10.9 ಆಗಬೇಕಾದ ಹೊಡೆತ 10.0ಯ ಆಸುಪಾಸಿಗೆ ಇಳಿಯುತ್ತದೆ. 20 ಮೀಟರ್ ಆದರೆ 9ರ ಉಂಗುರ. 60 ಹೊಡೆತದ ಪಂದ್ಯದಲ್ಲಿ ಮಕ್ಕಳು 0.1 ಅಂಕದ ವ್ಯತ್ಯಾಸಕ್ಕೆ ಹಿಂದೆ ಬೀಳುತ್ತಾರೆ.

ಇನ್ನು ಅಂಕಕ್ಕಿಂತ ದೊಡ್ಡ ವಿಷಯ. ಅನ್‌ಲೋಡ್ ಮಾಡಿ ಅಂದಾಗ ನಮ್ಮ ಹುಡುಗಿಯೊಬ್ಬಳು ಬೋಲ್ಟ್ ಹಿಂದಕ್ಕೆಳೆದಳು. 'ಸರ್, ಗುಂಡು ಒಳಗೇ ಉಳೀತ್ರಿ' ಅಂದಳು. ಹೊರಗೆ ಬಂದದ್ದು ಬರೀ ಕೇಸ್. ಮದ್ದಿನ ಪುಡಿಯೆಲ್ಲ ಬೋಲ್ಟ್ ಓಡಾಡುವ ಆ್ಯಕ್ಷನ್ ಒಳಗೆ, ಟ್ರಿಗರ್ ಹತ್ತಿರ ಚೆಲ್ಲಿತ್ತು. ಮ್ಯಾಚ್ ರೈಫಲಿನಲ್ಲಿ ಕಾಡತೂಸು ಕೂರುವ ಚೇಂಬರ್ ಬಿಗಿಯಾಗಿರುತ್ತದೆ, ಗುಂಡಿನ ಮೂತಿ ಬ್ಯಾರಲ್ಲಿನ ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಹಿಂದಕ್ಕೆ ಎಳೆದಾಗ ಅದನ್ನು ಹಿಡಿದುಕೊಂಡು ಬರಬೇಕಾದದ್ದು ನಿಮ್ಮ ಕ್ರಿಂಪ್. ಇಲ್ಲಿ ಅದು ಬಿಟ್ಟುಕೊಟ್ಟಿದೆ. ತಕ್ಷಣ ಎಲ್ಲರ ಶೂಟಿಂಗ್ ನಿಲ್ಲಿಸಿ, ಬೋಲ್ಟ್ ತೆಗೆದು, ಕ್ಲೀನಿಂಗ್ ರಾಡ್‌ನಿಂದ ಗುಂಡು ಹೊರಗೆ ತಳ್ಳಿದೆವು. ಅವಳು ಗಮನಿಸದೆ, ಒಳಗೆ ಗುಂಡು ಅಡ್ಡ ಇರುವಾಗಲೇ ಇನ್ನೊಂದು ರೌಂಡ್ ಒತ್ತಿ ಹೊಡೆದಿದ್ದರೆ? ಅವಳ ಅಪ್ಪ ಅಮ್ಮನಿಗೆ ನಾನು ಉತ್ತರ ಕೊಡಬೇಕಿತ್ತು, ನೀವಲ್ಲ. ಅವತ್ತಿನಿಂದ ಈ ಲಾಟ್ ಬಳಸುವುದನ್ನೇ ನಿಲ್ಲಿಸಿದ್ದೇನೆ.

ಹೀಗೆ ಅಂಚಿಗೆ ಬಡಿದು ಹೊತ್ತುವ ರಿಮ್‌ಫೈರ್ ರೌಂಡನ್ನು ನಾವು ಮನೆಯಲ್ಲಿ ಮತ್ತೆ ತುಂಬಿ ಸರಿಮಾಡಿಕೊಳ್ಳಲು ಆಗುವುದಿಲ್ಲ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಹೊಡೆಯಬೇಕು. ಲೈಸೆನ್ಸ್‌ನಲ್ಲಿ ಬರೆದಷ್ಟೇ ಕೊಳ್ಳಬೇಕು, ಹಾಳಾದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ದುಡ್ಡು ಹೋದದ್ದಲ್ಲದೆ ಮಕ್ಕಳ ಅಭ್ಯಾಸವೂ ಹೋಯಿತು.

ಆದ್ದರಿಂದ ಈ ಲಾಟ್ ವಾಪಸ್ ತೆಗೆದುಕೊಂಡು ಬೇರೆ ಲಾಟ್ ಕೊಡಿ, ಇಲ್ಲವೇ ಪೂರ್ತಿ ಹಣ ಹಿಂತಿರುಗಿಸಿ. ಬದಲಿ ಕೊಟ್ಟರೆ ಅದು ನನ್ನ ಲೈಸೆನ್ಸಿನ ಮಿತಿಯನ್ನು ತಿನ್ನದಂತೆ ಬೇಕಾದ ಕಾಗದಪತ್ರ ಮಾಡಿಸಿಕೊಡುವ ಜವಾಬ್ದಾರಿಯೂ ನಿಮ್ಮದೇ. ಗುಂಡನ್ನು ಕೇಸಿನಿಂದ ಎಳೆಯಲು ಎಷ್ಟು ಬಲ ಬೇಕಾಯಿತು ಅನ್ನುವ ಪರೀಕ್ಷೆಯ ದಾಖಲೆ ಈ ಲಾಟ್‌ಗೆ ಇದ್ದರೆ ಕಳಿಸಿ, ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಿ. ಸ್ಯಾಂಪಲ್ ಪೋಸ್ಟ್ ಮಾಡಿ ಅಂತ ದಯವಿಟ್ಟು ಹೇಳಬೇಡಿ, ಕಾಡತೂಸು ಅಂಚೆಯಲ್ಲಿ ಕಳಿಸುವ ವಸ್ತುವಲ್ಲ. ಲೈಸೆನ್ಸ್ ಇರುವ ನಿಮ್ಮ ಡೀಲರ್ ಮೂಲಕವೇ ತರಿಸಿಕೊಳ್ಳಿ. ಇದೇ ಲಾಟ್ ಬೇರೆ ಊರುಗಳಿಗೂ ಹೋಗಿರುತ್ತದೆ. ಎಲ್ಲಕ್ಕಿಂತ ಮೊದಲು ಅವರಿಗೆ ತಿಳಿಸಿ.

ಲಾಟ್ ನಂಬರ್, ಬಿಲ್ಲಿನ ಪ್ರತಿ, ಟಾರ್ಗೆಟ್‌ಗಳ ಫೋಟೊ ಮತ್ತು ಕ್ರೋನೋಗ್ರಾಫ್ ಅಳತೆಗಳನ್ನು ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ.

ಇಂತಿ ನಿಮ್ಮ ಗ್ರಾಹಕ,
ಕಲಬುರಗಿ