ರೇಸ್ ಕಾರ್ ಕಟ್ಟುತ್ತಿರುವ ಅಕ್ಕನ ಮಗಳಿಗೆ

ಚಿತ್ರದುರ್ಗ

ಪ್ರೀತಿಯ ಪುಟ್ಟಿಗೆ,

ದಾವಣಗೆರೆಯಲ್ಲಿ ನಿಮ್ಮ ಕಾಲೇಜಿನ ಫಾರ್ಮುಲಾ ಟೀಮಿಗೆ, ಅಂದರೆ ವಿದ್ಯಾರ್ಥಿಗಳೇ ರೇಸ್ ಕಾರ್ ಕಟ್ಟಿ ಸ್ಪರ್ಧೆಗೆ ಒಯ್ಯುವ ತಂಡಕ್ಕೆ, ನೀನು ಸೇರಿದ್ದು, ಅದರಲ್ಲೂ ಚಕ್ರಗಳನ್ನು ಗಾಡಿಗೆ ಹಿಡಿದಿಡುವ ಸಸ್ಪೆನ್ಷನ್ ಜವಾಬ್ದಾರಿ ನಿನಗೆ ಕೊಟ್ಟಿದ್ದು ಕೇಳಿ ತುಂಬಾ ಖುಷಿಯಾಯಿತು. ಫೋನಿನಲ್ಲಿ ನೀನು ಹೇಳಿದ್ದೆಲ್ಲ ಕೇಳಿಸಿಕೊಂಡೆ. ಆದರೆ ಕೆಲವು ಮಾತು ಬರೆದು ಕೊಟ್ಟರೇ ಒಳ್ಳೆಯದು. ಬೇಕಾದಾಗ ತೆಗೆದು ನೋಡಬಹುದು, ಟೀಮಿನವರಿಗೂ ಓದಲು ಕೊಡಬಹುದು.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆ ಜನವರಿ ಹೊತ್ತಿಗೆ ಅಂದೆ. ಹಾಗಾದರೆ ದೀಪಾವಳಿಯಷ್ಟರಲ್ಲಿ ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ಓಡುತ್ತಿರಬೇಕು. ಬಣ್ಣ, ಸ್ಟಿಕರ್, ಬಾಡಿ ಏನೂ ಆಗಿರಬೇಕಿಲ್ಲ. ಓಡಬೇಕು, ತಿರುಗಬೇಕು, ನಿಲ್ಲಬೇಕು. ಆಮೇಲಿನ ದಿನವೆಲ್ಲ ಓಡಿಸುವುದಕ್ಕೆ, ಮುರಿದದ್ದನ್ನು ಸರಿಮಾಡುವುದಕ್ಕೆ, ಮತ್ತೆ ಓಡಿಸುವುದಕ್ಕೆ. ಇದನ್ನು ನಿಮ್ಮ ಕ್ಯಾಪ್ಟನ್‌ಗೆ ಹೇಳು. ಕೇಳದಿದ್ದರೆ ಮತ್ತೊಮ್ಮೆ ಹೇಳು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅಂಕದ ಲೆಕ್ಕವೇ ಹಾಗಿದೆ. ಫಾರ್ಮುಲಾ ಎಸ್‌ಎಇ ಅನ್ನುವ ವಿದ್ಯಾರ್ಥಿ ಸ್ಪರ್ಧೆಯ ಪದ್ಧತಿಯಲ್ಲಿ ಒಟ್ಟು 1000 ಅಂಕ. ಎಂಡ್ಯೂರೆನ್ಸ್ ಅನ್ನುವ ದೂರದ ಓಟ ಒಂದಕ್ಕೇ 275. ಇಂಧನ ದಕ್ಷತೆಗೆ 100, ಅದನ್ನೂ ಅದೇ ಓಟದಲ್ಲಿ ಅಳೆಯುತ್ತಾರೆ. ಓಟ ಮುಗಿಸದಿದ್ದರೆ ಅದೂ ಕೈ ತಪ್ಪುತ್ತದೆ. ದೂರ ಎಷ್ಟು? ಸುಮಾರು 22 ಕಿ.ಮೀ. ಹೆಚ್ಚುಕಡಿಮೆ ದುರ್ಗದಿಂದ ಭರಮಸಾಗರಕ್ಕೆ ಇರುವಷ್ಟು. ನೀನು ಬಸ್ಸಿನಲ್ಲಿ ಬರುವಾಗ ಲೆಕ್ಕಕ್ಕೇ ಬರದ ದೂರ ಅದು. ಆದರೆ ವಿದ್ಯಾರ್ಥಿಗಳು ಕಟ್ಟಿದ ಎಷ್ಟೋ ಗಾಡಿಗಳು ಅಷ್ಟು ದೂರದಲ್ಲೇ ನಿಂತುಹೋಗುತ್ತವೆ. ಚೈನ್ ಬೀಳುತ್ತದೆ, ಕೂಲಂಟ್ ಪೈಪ್ ಕಳಚುತ್ತದೆ, ವೈರಿಂಗ್ ಎಲ್ಲೋ ಉಜ್ಜಿ ಸವೆಯುತ್ತದೆ. ಇವು ಯಾವುವೂ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಓಡಿಸಿದರೆ ಮೊದಲ ವಾರದಲ್ಲೇ ಕಾಣುತ್ತವೆ.

ಅರ್ಧ ದೂರ ಆದ ಮೇಲೆ ಡ್ರೈವರ್ ಬದಲಾಗಬೇಕು, ಅಲ್ವಾ? ಆಗ ಇಂಜಿನ್ ಆಫ್ ಮಾಡುತ್ತಾರೆ. ಮೂರು ನಿಮಿಷದಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಕೂತು ಬೆಲ್ಟ್ ಬಿಗಿದುಕೊಳ್ಳಬೇಕು. ಅಷ್ಟು ಹೊತ್ತು ರೇಡಿಯೇಟರಿಗೆ ಗಾಳಿ ಇಲ್ಲ, ನೀರಿನ ಪಂಪು ತಿರುಗುತ್ತಿಲ್ಲ, ಒಳಗಿನ ಬಿಸಿ ಎಲ್ಲ ಇಂಜಿನ್ ಬ್ಲಾಕಿನಲ್ಲೇ ಕೂರುತ್ತದೆ. ಮತ್ತೆ ಸ್ಟಾರ್ಟ್ ಒತ್ತಿದಾಗ ಬ್ಯಾಟರಿ ಸೋತಿರಬಹುದು, ಪೆಟ್ರೋಲ್ ಲೈನಿನಲ್ಲಿ ಆವಿ ತುಂಬಿರಬಹುದು. ಎಲ್ಲ ಚೆನ್ನಾಗಿ ನಡೆದ ಗಾಡಿ ಅಲ್ಲೇ ನಿಂತರೆ ಹುಡುಗರಿಗೆ ಅಳು ಬರುತ್ತದೆ. ಇದಕ್ಕೆ ಒಂದೇ ಔಷಧಿ. ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿ ಗಾಡಿ ಚೆನ್ನಾಗಿ ಓಡಿಸಿ, ನಿಲ್ಲಿಸಿ, ವಾಚ್ ಹಿಡಿದು ಡ್ರೈವರ್ ಬದಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಬೆಳಗಿನ ತಂಪಿನಲ್ಲಿ ಮಾಡಿದರೆ ಏನೂ ಗೊತ್ತಾಗಲ್ಲ. ದಾವಣಗೆರೆಯ ಮಧ್ಯಾಹ್ನ ನಿಮಗೆ ಪುಕ್ಕಟೆ ಸಿಕ್ಕಿರುವ ಟೆಸ್ಟ್ ರೂಮ್.

ಹೋದ ವರ್ಷದ ಗಾಡಿಯನ್ನು ಬಿಚ್ಚಿ ಪಾರ್ಟ್ ತೆಗೆದುಕೊಳ್ಳುತ್ತೇವೆ ಅಂದೆಯಲ್ಲ, ಅದು ಬೇಡ. ಹೊಸ ಗಾಡಿ ತಯಾರಾಗುವವರೆಗೆ ಹಳೆಯದರಲ್ಲಿ ಡ್ರೈವರ್‌ಗಳು ಕಲಿಯಲಿ. ಕೋನ್ ಇಟ್ಟು ತಿರುಗಿಸುವುದು ಕಲಿಯಲು ತಿಂಗಳುಗಟ್ಟಲೆ ಬೇಕು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಇಲ್ಲಿ ನನಗೆ ಹೇಳುವುದು ಜಾಸ್ತಿ ಇದೆ, ಯಾಕೆಂದರೆ ನನ್ನ ಜೀವನ ಕಳೆದದ್ದೇ ಇದರಲ್ಲಿ.

ನೀನು ಕಳಿಸಿದ ಅಪ್‌ರೈಟ್ (ಚಕ್ರದ ಬೇರಿಂಗ್ ಹಿಡಿಯುವ ಭಾಗ) ಡ್ರಾಯಿಂಗ್ ನೋಡಿದೆ. ಚೆನ್ನಾಗಿ ಬರೆದಿದ್ದೀಯ. ಆದರೆ ಎಲ್ಲಾ ಅಳತೆಗೂ 0.01 ಮಿ.ಮೀ. ಟಾಲರೆನ್ಸ್, ಅಂದರೆ ಅಷ್ಟೇ ಆಚೀಚೆ ಆಗಬಹುದು ಅಂತ, ಹಾಕಿದ್ದೀಯ. ಬೇರಿಂಗ್ ಕೂರುವ ಜಾಗಕ್ಕೆ ಆ ಬಿಗಿ ಬೇಕು, ಒಪ್ಪುತ್ತೇನೆ. ಹೊರಗಿನ ಮುಖಕ್ಕೆ ಯಾಕೆ? ಭಾರ ಕಡಿಮೆ ಮಾಡಲು ತೆಗೆದ ಕಿಟಕಿಗೆ ಯಾಕೆ? ಅಲ್ಲಿ 0.2 ಆಚೀಚೆ ಆದರೂ ಗಾಡಿಗೆ ಏನೂ ಆಗಲ್ಲ. ಈ ಡ್ರಾಯಿಂಗ್ ಹಿಡಿದು ಯಾವ ಶೆಡ್ಡಿಗೆ ಹೋದರೂ ಮಷಿನಿಸ್ಟ್ ಎರಡು ಪಟ್ಟು ದುಡ್ಡು, ಎರಡು ಪಟ್ಟು ದಿನ ಕೇಳುತ್ತಾನೆ. ಅವನು ಕೇಳುವುದು ನ್ಯಾಯವೇ. ಪ್ರತಿ ಅಳತೆಯ ಮುಂದೆ ಒಂದು ಕ್ಷಣ ನಿಂತು ಯೋಚಿಸು: ಇದು ಏನನ್ನು ಮುಟ್ಟುತ್ತದೆ, ಏನು ಇದರೊಳಗೆ ಕೂರುತ್ತದೆ. ಏನೂ ಇಲ್ಲದಿದ್ದರೆ ಸಡಿಲ ಬಿಡು.

ಇನ್ನೊಂದು, ಒಳಗಿನ ಮೂಲೆಗಳನ್ನು ಚೂಪಾಗಿ ಬರೆದಿದ್ದೀಯ. ಕಟ್ಟರ್ ದುಂಡಗಿರುತ್ತದೆ ಮಗಳೇ. ಮೂಲೆಗೆ ರೇಡಿಯಸ್ ಕೊಡು. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ, ಅದಕ್ಕೂ ಇದೇ ಮದ್ದು.

ಫ್ರೇಮ್ ವಿಷಯ. ನಿಮ್ಮವರು ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ದುಬಾರಿ ಉಕ್ಕು) ಪೈಪೇ ಬೇಕು ಅಂತ ಪಟ್ಟು ಹಿಡಿದಿದ್ದಾರೆ ಅಂದೆ. ಯಾವ ಉಕ್ಕಾದರೂ ಬಿಗಿತ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ಫ್ರೇಮ್ ತಿರುಚದೆ ನಿಲ್ಲುವುದು ಪೈಪುಗಳನ್ನು ಎಲ್ಲಿಂದ ಎಲ್ಲಿಗೆ ಕೊಟ್ಟಿದ್ದೀರಿ, ಪೈಪಿನ ವ್ಯಾಸ ಎಷ್ಟು ಅನ್ನುವುದರ ಮೇಲೆ. ಬೆಸುಗೆ ಹಾಕಿದ ಜಾಗದ ಶಕ್ತಿಯನ್ನು ರೂಲ್ ಬುಕ್ ಕೂಡ ಎಲ್ಲಾ ಉಕ್ಕಿಗೂ ಒಂದೇ ಅಂತಲೇ ಲೆಕ್ಕ ಹಿಡಿಯುತ್ತದೆ. ಒಳ್ಳೆಯ ಸೀಮ್‌ಲೆಸ್ ಮೈಲ್ಡ್ ಸ್ಟೀಲ್ ಪೈಪು ತಂದು, ಉಳಿದ ದುಡ್ಡನ್ನು ಟೈರಿಗೆ ಹಾಕಿ. ನೆಲ ಹಿಡಿಯುವುದು ಟೈರೇ.

ಬೆಸುಗೆ ಹಾಕುವಾಗ ನೀನು ಅಲ್ಲೇ ನಿಂತಿರಬೇಕು. ಇದನ್ನು ಮಾತ್ರ ಯಾರಿಗೂ ಬಿಡಬೇಡ. ಕಾದ ಕಬ್ಬಿಣ ಆರುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಕಡೆಯಿಂದ ಸುಮ್ನೆ ಉದ್ದಕ್ಕೆ ಬೆಸೆಯುತ್ತಾ ಹೋದರೆ ಇನ್ನೊಂದು ತುದಿ ಎರಡು ಮೂರು ಮಿ.ಮೀ. ಜರುಗಿರುತ್ತದೆ. ಬಾಗಿಲಿಗೋ ಗೇಟಿಗೋ ಆದರೆ ಪರವಾಗಿಲ್ಲ. ಚಕ್ರವನ್ನು ಫ್ರೇಮಿಗೆ ಜೋಡಿಸುವ ನಿನ್ನ ಎ-ಆರ್ಮ್ ಬಂದು ಕೂರುವ ಪಾಯಿಂಟ್ ಅಷ್ಟು ಜರುಗಿದರೆ, ನೀನು ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದ ಕ್ಯಾಂಬರ್ (ಚಕ್ರದ ಓರೆ), ರೋಲ್ ಸೆಂಟರ್ (ತಿರುವಿನಲ್ಲಿ ಗಾಡಿ ವಾಲುವ ಕೇಂದ್ರ) ಯಾವುದೂ ಉಳಿಯುವುದಿಲ್ಲ. ಎಡಗಡೆ ಒಂದು ಥರ, ಬಲಗಡೆ ಒಂದು ಥರ ಆಗುತ್ತದೆ. ಅದಕ್ಕೇ ಮೊದಲು ಪೈಪುಗಳನ್ನು ಅಲುಗದಂತೆ ಹಿಡಿಯುವ ಗಟ್ಟಿಯಾದ ಜಿಗ್ ಮಾಡಿ. ಇಡೀ ಫ್ರೇಮ್ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ ನಿಲ್ಲಿಸಿ, ಅಳೆದು ನೋಡಿ. ಆಮೇಲೆ ಒಂದು ಜಾಯಿಂಟ್ ಎಡಕ್ಕೆ, ಒಂದು ಬಲಕ್ಕೆ, ನಡುವೆ ಆರಲು ಬಿಟ್ಟು, ಹೀಗೆ ಬೆಸೆಯಿರಿ. ಸಸ್ಪೆನ್ಷನ್ ಬ್ರಾಕೆಟ್‌ಗಳನ್ನು ಕಟ್ಟಕಡೆಗೆ ಉಳಿಸಿಕೊಳ್ಳಿ. ಎರಡು ಬ್ರಾಕೆಟ್‌ಗಳ ರಂಧ್ರದೊಳಗೆ ಒಂದೇ ನೇರವಾದ ರಾಡ್ ತೂರಿಸಿ ಹಿಡಿದು ಬೆಸೆದರೆ ರಂಧ್ರಗಳು ಒಂದೇ ಸಾಲಿನಲ್ಲಿ ಉಳಿಯುತ್ತವೆ. ರಾಡ್ ನಾನೇ ಟರ್ನ್ ಮಾಡಿ ಕೊಡುತ್ತೇನೆ. ನಮ್ಮ ಶೆಡ್ಡಿನ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತ್ ಇನ್ನೂ ನೀಟಾಗಿ ಅಳತೆ ಹಿಡಿಯುತ್ತದೆ. ಹರಿಹರದಲ್ಲಿ ಕಟ್ಟಿದ ಮಷಿನ್ ಅದು.

ರಾಡ್ ಎಂಡ್‌ಗೆ (ಕಡ್ಡಿಯ ತುದಿಯಲ್ಲಿ ಹಾಕುವ ತಿರುಗುವ ಕೀಲು) ಬಾಗುವ ಭಾರ ಬೀಳದಂತೆ ನೋಡಿಕೋ. ಅದು ಇರುವುದು ಎಳೆಯಲು, ತಳ್ಳಲು ಮಾತ್ರ. ಅಡ್ಡ ಒತ್ತಡ ಬಿದ್ದರೆ ಅದರ ಮರೆಯ (ಥ್ರೆಡ್) ಹತ್ತಿರವೇ ಮುರಿಯುತ್ತದೆ. ಬೋಲ್ಟನ್ನು ಎರಡೂ ಕಡೆಯಿಂದ ಹಿಡಿಯುವಂತೆ ಬ್ರಾಕೆಟ್ ಮಾಡು. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಇವುಗಳ ಬೋಲ್ಟ್ ಶಕ್ತಿಯಲ್ಲಿ 8.8 ಗ್ರೇಡಿಗೆ ಕಡಿಮೆ ಇರಬಾರದು. ಲಾಕ್ ನಟ್ಟಿನಿಂದ ಎರಡು ಮರೆಯಾದರೂ ಹೊರಗೆ ಕಾಣಬೇಕು. ಟೆಕ್ನಿಕಲ್ ಇನ್ಸ್‌ಪೆಕ್ಷನ್‌ನಲ್ಲಿ ಟಾರ್ಚ್ ಹಾಕಿಕೊಂಡು ಒಂದೊಂದನ್ನೂ ನೋಡುತ್ತಾರೆ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆ ತಪ್ಪಿದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಇಂಜಿನ್ ನಿನ್ನ ಭಾಗ ಅಲ್ಲ, ಆದರೂ ಒಂದು ಮಾತು. ನಾಲ್ಕು ಸಿಲಿಂಡರಿನ ದೊಡ್ಡ ಇಂಜಿನ್ ತರಬೇಕು ಅಂತ ಚರ್ಚೆ ನಡೆದಿದೆ ಅಂದೆ. ನಿಯಮ 710 ಸಿಸಿವರೆಗೂ ಬಿಡುತ್ತದೆ, ಸರಿ. ಆದರೆ ಗಾಳಿ ಎಲ್ಲ ಒಂದೇ 20 ಮಿ.ಮೀ. ರಿಸ್ಟ್ರಿಕ್ಟರ್ (ಗಾಳಿ ತಡೆಯುವ ಸಣ್ಣ ಕಂಡಿ) ಮೂಲಕ ಹೋಗಬೇಕು. ಆ ಕಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಜಾಸ್ತಿ ಬರಲ್ಲ. ಕೆಟಿಎಂ 390 ಬೈಕಿನ ಸಿಂಗಲ್ ಸಿಲಿಂಡರ್ ಇಂಜಿನ್ ಹಗುರ, ಪಾರ್ಟ್ ದಾವಣಗೆರೆಯಲ್ಲೇ ಸಿಗುತ್ತದೆ, ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳೂ ಇದ್ದಾರೆ. ಮೊದಲ ಸಲ ಸ್ಪರ್ಧೆ ಮುಗಿಸಬೇಕು ಅನ್ನುವ ಟೀಮಿಗೆ ಅದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎಲೆಕ್ಟ್ರಿಕ್ ಮಾತು ಮುಂದಿನ ವರ್ಷಕ್ಕಿರಲಿ. 600 ವೋಲ್ಟ್‌ವರೆಗೆ ಹೋಗುವ ಬ್ಯಾಟರಿ ಮುಟ್ಟುವ ಮೊದಲು ಕಲಿಸುವವರು ಒಬ್ಬರು ಜೊತೆಗೆ ಇರಲೇಬೇಕು.

ಡಿಸೈನ್ ಇವೆಂಟಿಗೆ 150 ಅಂಕ. ಜಡ್ಜ್‌ಗಳು ಅಲ್ಲಿ ಕೇಳುವುದು ಬಹಳಮಟ್ಟಿಗೆ ಒಂದೇ ಪ್ರಶ್ನೆ: ಯಾಕೆ? ಈ ಸ್ಪ್ರಿಂಗ್ ಯಾಕೆ, ಈ ವೀಲ್‌ಬೇಸ್ ಯಾಕೆ, ಇದನ್ನು ಹೇಗೆ ಪರೀಕ್ಷಿಸಿದಿರಿ? ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಒತ್ತಡದ ಬಣ್ಣ ಬಣ್ಣದ ಸ್ಟ್ರೆಸ್ ಚಿತ್ರ ತೋರಿಸಿದರೆ, ಇದನ್ನು ನಿಜವಾಗಿ ಅಳೆದಿರಾ ಅಂತ ಕೇಳುತ್ತಾರೆ. ಅಳೆಯುವುದು ಕಷ್ಟವೇನಲ್ಲ. ಫ್ರೇಮಿನ ಹಿಂಭಾಗ ಬಿಗಿದು, ಮುಂದೆ ಒಂದು ಪಕ್ಕಕ್ಕೆ ತೂಕ ಇಳಿಬಿಟ್ಟು, ಸಣ್ಣ ಜರುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಎಷ್ಟು ತಿರುಚಿತು ನೋಡಿ. ಕಂಪ್ಯೂಟರ್ ಹೇಳಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ, ಯಾಕೆ ವ್ಯತ್ಯಾಸ ಅಂತ ನೀನು ವಿವರಿಸಿದರೆ ಅವರು ಕೂತು ಕೇಳುತ್ತಾರೆ. ಇದಕ್ಕೂ ಗಾಡಿ ಬೇಗ ಸಿದ್ಧ ಇರಬೇಕು, ನೋಡು.

ಕಾಸ್ಟ್ ರಿಪೋರ್ಟ್ ಬರೆಯುವುದನ್ನು ಎಲ್ಲರೂ ಜೂನಿಯರ್‌ಗಳ ತಲೆಗೆ ಕಟ್ಟುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೆ. ಅದನ್ನು ನೀನೇ ಕೇಳಿ ತೆಗೆದುಕೋ. ಅದಕ್ಕೆ 100 ಅಂಕ ಇದೆ ಅನ್ನುವುದು ಒಂದು ಕಡೆ. ಒಂದೊಂದು ಪಾರ್ಟೂ ಯಾವ ಲೋಹದಿಂದ ಬಂತು, ಎಷ್ಟು ಕಡಿತ, ಎಷ್ಟು ಬೆಸುಗೆ, ಎಷ್ಟು ಬೋಲ್ಟ್ ಅಂತ ಬರೆದವರಿಗೆ ಇಡೀ ಗಾಡಿ ಬಾಯಿಪಾಠವಾಗಿರುತ್ತದೆ.

ನೀವು ಹೋಗುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ. ಆ ಹೆಸರು ಯಾರದ್ದು ಅಂತ ತಿಳಿದುಕೊಂಡು ಹೋಗು. ಎಸ್. ಕರಿವರ್ಧನ್ ಅಂತ, ಬಟ್ಟೆ ಗಿರಣಿ ಮನೆತನದವರು. ಮಾರುತಿ 800ರ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅನ್ನುವ ಒಂಟಿ ಸೀಟಿನ ರೇಸ್ ಕಾರುಗಳನ್ನು ಇಲ್ಲೇ ಕಟ್ಟಿ ಓಡಿಸಿದರು. ಮುಂದೆ ಫಾರ್ಮುಲಾ ಒನ್‌ವರೆಗೆ ಹೋದ ನರೇನ್ ಕಾರ್ತಿಕೇಯನ್ ರೇಸ್ ಶುರುಮಾಡಿದ್ದು ಆ ಫಾರ್ಮುಲಾ ಮಾರುತಿಯಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರೂ ನಮ್ಮ ದಾವಣಗೆರೆಯ ಹಾಗೆ ಹತ್ತಿ ಗಿರಣಿಗಳ ಊರೇ. ಗಿರಣಿ ಇದ್ದ ಕಡೆ ಲೇತ್ ಇರುತ್ತದೆ, ಫೌಂಡ್ರಿ ಇರುತ್ತದೆ, ಕೈ ಪಳಗಿದ ಜನ ಇರುತ್ತಾರೆ. ನಮ್ಮ ಕಡೆಯೂ ಅಂಥವರು ಇದ್ದಾರೆ. ಹರಿಹರ, ದಾವಣಗೆರೆಯ ಶೆಡ್ಡುಗಳಿಗೆ ಹೋಗಿ ವಯಸ್ಸಾದ ಟರ್ನರ್‌ಗಳ ಹತ್ತಿರ ಕೂತು ಕೇಳು. ಹುಡುಗಿ ಬಂದಳು ಅಂತ ಮೊದಲು ಸ್ವಲ್ಪ ಸಂಕೋಚ ಪಟ್ಟಾರು. ಒಂದು ಸರಿಯಾದ ಪ್ರಶ್ನೆ ಕೇಳಿದರೆ ಸಾಕು, ಆಮೇಲೆ ಟೀ ತರಿಸಿ ಹೇಳಿಕೊಡುತ್ತಾರೆ.

ಈಗ ಹೇಳುವುದನ್ನು ಮಾತ್ರ ಹಿತವಚನ ಅಂದುಕೊಳ್ಳಬೇಡ, ಕಟ್ಟಪ್ಪಣೆ ಅಂದುಕೋ. ಗಾಡಿಯನ್ನು ಹೈವೇಗೆ, ಬೈಪಾಸಿಗೆ, ಸರ್ವಿಸ್ ರೋಡಿಗೆ ಯಾವ ಕಾರಣಕ್ಕೂ ಇಳಿಸಬಾರದು. ರಾತ್ರಿ ಖಾಲಿ ಇರುತ್ತದೆ ಅನ್ನುತ್ತಾರೆ. ದುರ್ಗದ ಹೈವೇ ಪಕ್ಕದಲ್ಲೇ ನಮ್ಮ ಶೆಡ್ಡು ಇರುವುದು, ರಾತ್ರಿ ಎಂಥೆಂಥ ಗಾಡಿ ಎಳೆದುಕೊಂಡು ಬರುತ್ತಾರೆ ನಾನು ನೋಡಿದ್ದೇನೆ. ಮೊಣಕಾಲೆತ್ತರದ ಕಾರು ಲಾರಿ ಡ್ರೈವರಿಗೆ ಕಾಣುವುದೇ ಇಲ್ಲ. ಕಾಲೇಜು ಗ್ರೌಂಡಿಗೆ ಪ್ರಿನ್ಸಿಪಾಲರಿಂದ ಬರೆಸಿಕೊಂಡು ಅನುಮತಿ ತೆಗೆದುಕೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬರು ಇಲ್ಲದೆ ಇಂಜಿನ್ ಸ್ಟಾರ್ಟ್ ಆಗಕೂಡದು. ಹೆಲ್ಮೆಟ್, ಪೂರ್ತಿ ಸೂಟ್, ಬೆಲ್ಟ್ ಇಲ್ಲದೆ ಒಂದು ಸುತ್ತೂ ಬೇಡ. ಸ್ಪರ್ಧೆಯಲ್ಲಿ ಡ್ರೈವರ್ ಐದು ಸೆಕೆಂಡಿನಲ್ಲಿ ಹೊರಗೆ ಬರಬೇಕು ಅಂತ ನಿಯಮ ಇದೆ. ಅದನ್ನು ಊರಲ್ಲೇ ಪ್ರತಿ ಸಲ ಅಭ್ಯಾಸ ಮಾಡಿಸಿ. ಮತ್ತೆ ಲೇತ್ ಹತ್ತಿರ ಹೋಗುವಾಗ ಕೂದಲು ಬಿಗಿಯಾಗಿ ಕಟ್ಟಿರಬೇಕು, ದುಪಟ್ಟಾ ಇರಬಾರದು, ಗ್ಲೌಸ್ ಹಾಕಬಾರದು. ತಿರುಗುವ ಚಕ್ ಗ್ಲೌಸ್ ಹಿಡಿದರೆ ಕೈ ಸಮೇತ ಎಳೆದುಕೊಳ್ಳುತ್ತದೆ.

ಸ್ಪರ್ಧೆಗೆ ಒಯ್ಯಲು ಗಾಡಿಯನ್ನು ಲಾರಿಗೆ ಹಾಕುವಾಗ ಹಗ್ಗ ಕಟ್ಟುವುದು ಫ್ರೇಮಿಗೆ ಮಾತ್ರ. ನಿನ್ನ ಎ-ಆರ್ಮ್‌ಗಳಿಗೆ ಯಾರಾದರೂ ಬೆಲ್ಟ್ ಬಿಗಿದರೆ ಹೊಸೂರು, ಸೇಲಂ ದಾಟುವಷ್ಟರಲ್ಲಿ ಬಾಗಿರುತ್ತವೆ. ಲೋಡಿಂಗ್ ದಿನ ನೀನೇ ಮುಂದೆ ನಿಂತು ಕಟ್ಟಿಸು.

ಓದಿನ ವಿಷಯ ನಿನ್ನ ಅಮ್ಮ ನನ್ನ ಹತ್ತಿರ ಹೇಳಿಕೊಂಡಳು. ಅವಳ ಚಿಂತೆ ಸುಳ್ಳಲ್ಲ. ಟೀಮಿನಲ್ಲಿದ್ದೀನಿ ಅಂತ ಸಬ್ಜೆಕ್ಟ್ ಉಳಿಸಿಕೊಳ್ಳಬೇಡ. ಇಂಟರ್ನಲ್ಸ್ ವಾರದಲ್ಲಿ ವರ್ಕ್‌ಶಾಪ್‌ಗೆ ಬೀಗ ಅಂತ ನೀವೇ ನಿಯಮ ಮಾಡಿಕೊಳ್ಳಿ. ದುಡ್ಡು ಕೊಡುವುದಕ್ಕೆ ಅಪ್ಪನನ್ನು ಪೀಡಿಸಬೇಡ. ನಿನ್ನ ಪಾಲಿನ ಮಷಿನಿಂಗ್ ಕೆಲಸ ಇಲ್ಲೇ ಮಾಡೋಣ, ಅಲ್ಯುಮಿನಿಯಂ ಮಾತ್ರ ಟೀಮಿನ ಖರ್ಚು.

ಟಾಲರೆನ್ಸ್, ರೇಡಿಯಸ್ ಎರಡೂ ತಿದ್ದಿ, ಡ್ರಾಯಿಂಗನ್ನು ಪೇಪರಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಈ ಭಾನುವಾರ ಬಾ. ಮೊಬೈಲಿನಲ್ಲಿ ತೋರಿಸಬೇಡ, ಎಣ್ಣೆ ಕೈಯಲ್ಲಿ ನೋಡಲು ಆಗಲ್ಲ. ಬೇರಿಂಗ್ ಕೂಡ ತಗೊಂಡು ಬಾ. ಕ್ಯಾಟಲಾಗಿನ ಅಳತೆ ನೆಚ್ಚಿಕೊಂಡು ಬೋರ್ ಮಾಡುವುದು ಬೇಡ, ಬೇರಿಂಗನ್ನೇ ಮೈಕ್ರೋಮೀಟರಿನಲ್ಲಿ ಅಳೆದು ಮಾಡೋಣ. ವೆಲ್ಡಿಂಗ್ ಮಾಡುವ ಹುಡುಗನೂ ಬರಲಿ, ಜಿಗ್ ಬಗ್ಗೆ ಅವನ ಜೊತೆ ಮಾತಾಡಬೇಕು. ಊಟ ಅತ್ತೆ ಮಾಡಿರುತ್ತಾಳೆ, ಎಷ್ಟು ಜನ ಬರುತ್ತೀರಿ ಅಂತ ಶನಿವಾರವೇ ಫೋನ್ ಮಾಡಿ ಹೇಳು.

ನಿನ್ನ ಪ್ರೀತಿಯ
ಸೋದರಮಾವ